ಮಿಕ್ಕಿದ್ದು, ತಂಗಳು, ಎಂಜಲು

(ಸೆಪ್ಟೆಂಬರ್ 29, ಆಹಾರ ಪೋಲು ತಡೆಯುವ ಜಾಗೃತಿ ದಿನದಂದು ತಿಪಟೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಮಾತುಗಳನ್ನೂ ಬಿಡದೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಅನ್ನ ಬಿಸಾಡುವುದು ತಪ್ಪು ಅನ್ನುವವರು ಕೈ ಎತ್ತಿ. ಸರಿ, ಎಲ್ಲರೂ ಎತ್ತಿದಿರಿ. ಕಾಲಿಗೆ ಅನ್ನ ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು, ಎತ್ತದೆ ಇರುತ್ತೀರಾ.

ಈಗ ಎರಡನೇದು. ಮದುವೆಗೆ ಇಷ್ಟೇ ಜನರನ್ನು ಕರೆಯಬೇಕು, ಇಷ್ಟೇ ಬಗೆ ಅಡುಗೆ ಮಾಡಿಸಬೇಕು ಅಂತ ಸರ್ಕಾರ ಕಾನೂನು ತರಲಿ ಅನ್ನುವವರು? ಒಂದು, ಎರಡು, ಮೂರು. ಮೂವರಲ್ಲಿ ಇಬ್ಬರು ತಮ್ಮ ಮಕ್ಕಳ ಮದುವೆ ಆಗಲೇ ಮುಗಿಸಿ ಕೂತವರು ಅಂತ ನನಗೆ ಗೊತ್ತು.

ಮೊದಲ ಸಲ ಎದ್ದ ಅಷ್ಟೂ ಕೈಗಳು ಎರಡನೇ ಸಲ ಎಲ್ಲಿ ಹೋದವು? ಇವತ್ತಿನ ನನ್ನ ಮಾತೆಲ್ಲ ಅಷ್ಟೇ.

ನಾನು ಆಹಾರ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಪಡಿತರ, ಗೋಡೌನು, ತೂಕದ ಗಲಾಟೆ, ಅದೇ ನನ್ನ ಬದುಕು. ಆ ಮೂವತ್ತು ವರ್ಷದಲ್ಲಿ ಎಲ್ಲಾದರೂ ಊಟ ಪೋಲಾಗುವ ಬಗ್ಗೆ ಬಾಯಿ ತೆಗೆದರೆ ಸಾಕು, ಹಿಂದಿನಿಂದ ಒಬ್ಬರು ಕೇಳುತ್ತಿದ್ದರು: "ಸಾರ್, ನಮ್ಮ ಎಲೆ ಮೇಲಿಂದು ಇರಲಿ, ನಿಮ್ಮ ಗೋಡೌನಲ್ಲಿ ಇಲಿ ತಿಂದಿದ್ದು ಎಷ್ಟು?" ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು, ಗೋಡೌನಲ್ಲಿ ಕೊಳೆಯುತ್ತಿರುವ ಧಾನ್ಯವನ್ನು ಬಡವರಿಗೆ ಪುಕ್ಕಟೆ ಹಂಚಿ ಎಂದಿತು. ಅದು ಬರೀ ಸಲಹೆ ಅಂದರು ಆಗಿನ ಕೃಷಿ ಮಂತ್ರಿ ಶರದ್ ಪವಾರ್. ಸಲಹೆ ಅಲ್ಲ, ಆದೇಶ ಅಂತ ಕೋರ್ಟು ಮತ್ತೆ ಹೇಳಬೇಕಾಯಿತು. ಜನ ಇದನ್ನೆಲ್ಲ ಮರೆಯುವುದಿಲ್ಲ. 2015ರಲ್ಲಿ ಲೂಧಿಯಾನದ ಕೇಂದ್ರ ಸಂಸ್ಥೆಯೊಂದು ಲೆಕ್ಕ ಹಾಕಿ, ಕೊಯ್ಲಿನಿಂದ ಮಾರುಕಟ್ಟೆ ತಲುಪುವಷ್ಟರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ 92,651 ಕೋಟಿ ರೂಪಾಯಿಯ ಬೆಳೆ ಹಾಳಾಗುತ್ತೆ ಎಂದಿತ್ತು. ಕೋಲಾರದಲ್ಲಿ ಬೆಲೆ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿಯುವುದನ್ನು ನೀವೇ ನೋಡಿದ್ದೀರಿ. ಅದನ್ನು ನೋಡಿದವರಿಗೆ "ನಿಮ್ಮ ತಟ್ಟೆ ಖಾಲಿ ಮಾಡಿ" ಅಂದರೆ ಸಿಟ್ಟು ಬರುವುದು ಸಹಜ ಅಲ್ವಾ?

ಆದರೆ ಇವತ್ತು ಗೋಡೌನು ಬಿಡೋಣ. ಅದು ಬೇರೆಯೇ ಒಂದು ದಿನದ ಮಾತು. ಅಡುಗೆ ಆದ ಮೇಲೆ ಏನಾಗುತ್ತೆ, ಅಲ್ಲಿಗೆ ಸರ್ಕಾರ ಕೈ ಹಾಕಿದಾಗ ಜನ ಏನಂತಾರೆ, ಅಷ್ಟು ನೋಡೋಣ.

ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಫುಡ್ ವೇಸ್ಟ್. ನಮ್ಮ ಇಲಾಖೆಯವರೂ ಅದನ್ನೇ ಕನ್ನಡ ಮಾಡಿ "ಆಹಾರ ವ್ಯರ್ಥ" ಅಂತ ಬ್ಯಾನರ್ ಬರೆಸುತ್ತೇವೆ. ನಮ್ಮಮ್ಮ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅವಳ ಹತ್ತಿರ ಮೂರು ಮಾತಿದ್ದವು. ಪಾತ್ರೆಯಲ್ಲಿ ಉಳಿದದ್ದು ಮಿಕ್ಕಿದ್ದು. ರಾತ್ರಿ ಕಳೆದದ್ದು ತಂಗಳು. ಬಾಯಿಗೋ ಎಲೆಗೋ ಮುಟ್ಟಿದ್ದು ಎಂಜಲು. ಮಿಕ್ಕಿದ್ದನ್ನು ಪಕ್ಕದ ಮನೆಗೆ ಧೈರ್ಯವಾಗಿ ಕೊಡಬಹುದು. ತಂಗಳನ್ನು ನಾವು ತಿನ್ನಬಹುದು, ಬೇರೆಯವರಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು. ಎಂಜಲನ್ನು ಕೊಟ್ಟರೆ ಅವಮಾನ, ಅದೇನಿದ್ದರೂ ಕಲಗಚ್ಚಿಗೆ. ಸರ್ಕಾರದ ಕಾರ್ಯಕ್ರಮಗಳಿಗೆ ಜನ ಯಾವಾಗ ಹೂಂ ಅಂತಾರೆ, ಯಾವಾಗ ಸಿಡುಕುತ್ತಾರೆ ಅನ್ನುವುದು ಈ ಮೂರು ಮಾತು ಇಟ್ಟುಕೊಂಡರೆ ಚೆನ್ನಾಗಿ ತಿಳಿಯುತ್ತೆ.

ಇವು ಮೂರೂ ಹುಟ್ಟುವ ಮುಂಚೆಯೇ, ಅಂದರೆ ಅಡುಗೆ ಮಾಡುವಾಗಲೇ ತಡೆಯುತ್ತೇವೆ ಅಂತ ಸರ್ಕಾರಗಳು ಹೊರಟದ್ದುಂಟು. ಅದರ ಕಥೆ ಸ್ವಲ್ಪ ಉದ್ದ.

1965. ನಾನಿನ್ನೂ ಎಂಟು ವರ್ಷದ ಹುಡುಗ. ಪಾಕಿಸ್ತಾನದ ಜೊತೆ ಯುದ್ಧ, ಅಮೆರಿಕದ ಗೋಧಿ ನಂಬಿಕೊಂಡ ಕಾಲ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಕೇಳಿಕೊಂಡರು. ಕೇಳುವ ಮುಂಚೆ ತಮ್ಮ ಮನೆಯಲ್ಲಿ ಮಾಡಿ ನೋಡಿದ್ದರು. ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳೇ ಬಾಗಿಲು ಹಾಕಿದವು. ನಮ್ಮ ಬೀದಿಯಲ್ಲಿ ಸೋಮವಾರ ಒಪ್ಪತ್ತು ಮಾಡುವ ಮನೆಗಳೇ ಜಾಸ್ತಿ, ಅವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ನಮ್ಮಮ್ಮ ಮಾತ್ರ ಶಿವನ ಲೆಕ್ಕ ಬೇರೆ, ಶಾಸ್ತ್ರಿಯವರ ಲೆಕ್ಕ ಬೇರೆ ಅಂತ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲ. ನಮಗೆ ಹುರಿಗಡಲೆ, ಬೆಲ್ಲ, ಮಜ್ಜಿಗೆ. ಇದನ್ನು ನೋಡಲು ಯಾವ ಇನ್ಸ್‌ಪೆಕ್ಟರೂ ಬರಲಿಲ್ಲ, ದಂಡ ಅನ್ನುವ ಮಾತೂ ಇರಲಿಲ್ಲ.

ಅದೇ 1965ರಲ್ಲಿ ಪಶ್ಚಿಮ ಬಂಗಾಳದಲ್ಲಿ ಇನ್ನೊಂದು ನಡೆಯಿತು. ಹಾಲು ಉಳಿಸಬೇಕು ಅಂತ ಮುಖ್ಯಮಂತ್ರಿ ಪ್ರಫುಲ್ಲ ಚಂದ್ರ ಸೇನ್ ಛೆನ್ನಾದ, ಅಂದರೆ ಒಡೆದ ಹಾಲಿನ ಗಟ್ಟಿಯಿಂದ ಮಾಡುವ ಸಿಹಿ ತಿಂಡಿಗಳನ್ನೇ ನಿಲ್ಲಿಸಿಬಿಟ್ಟರು. ಸಂದೇಶ, ರಸಗುಲ್ಲ ಎಲ್ಲ ಬಂದ್. ಬಂಗಾಳಿಗಳಿಗೆ ಸಂದೇಶ ಬೇಡ ಅನ್ನುವುದು ನಮಗೆ ಯುಗಾದಿಗೆ ಹೋಳಿಗೆ ಬೇಡ ಅಂದ ಹಾಗೆ. ವಿಷಯ ಹೈಕೋರ್ಟಿಗೆ ಹೋಯಿತು. 1967ರ ಚುನಾವಣೆಯಲ್ಲಿ ಸೇನ್ ತಮ್ಮ ಕ್ಷೇತ್ರದಲ್ಲೇ ಸೋತರು. ಸೋಲಿಗೆ ಅಕ್ಕಿಯ ಅಭಾವದಂಥ ದೊಡ್ಡ ಕಾರಣಗಳಿದ್ದವು, ಸುಮ್ನೆ ಸಂದೇಶದ ಮೇಲೆ ಹಾಕಬಾರದು. ಆದರೂ ಒಂದೇ ವರ್ಷ, ಒಂದೇ ದೇಶ, ಒಂದೇ ಪಕ್ಷ. ಒಬ್ಬರು ತಾವು ಉಪವಾಸ ಕೂತು ಕೇಳಿಕೊಂಡರು. ಇನ್ನೊಬ್ಬರು ಬೇರೆಯವರ ತಟ್ಟೆಯಿಂದ ತೆಗೆದರು.

ಆಮೇಲೆ ಬಂದದ್ದು ಅತಿಥಿ ನಿಯಂತ್ರಣ ಆದೇಶಗಳು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಹಲವು ರಾಜ್ಯಗಳು ಇವನ್ನು ಹೊರಡಿಸಿದವು. ಇಷ್ಟು ಜನಕ್ಕಿಂತ ಹೆಚ್ಚು ಮಂದಿಗೆ ಊಟ ಹಾಕಿದರೆ ಅಪರಾಧ. ಯೋಚಿಸಿ, ನಮ್ಮ ನಾಡಿನಲ್ಲಿ ಊಟ ಹಾಕುವುದು ಅಪರಾಧ! ಆ ಆದೇಶಗಳು ಕಾಗದದ ಮೇಲೆ ಬಹಳ ಕಾಲ ಬದುಕಿದವು, ಮದುವೆ ಮನೆಯಲ್ಲಿ ಅಷ್ಟಾಗಿ ಬದುಕಲಿಲ್ಲ. 2011ರಲ್ಲಿ ಕೇಂದ್ರದ ಆಹಾರ ಮಂತ್ರಿ ಕೆ.ವಿ. ಥಾಮಸ್ ಮತ್ತೆ ಆ ಮಾತೆತ್ತಿದರು, ಮದುವೆ ಪಾರ್ಟಿಗಳಿಗೆ ಮಿತಿ ಹಾಕೋಣವೇ ಅಂತ. ಕೊನೆಗೆ ಅದು ಜಾಗೃತಿ ಕಾರ್ಯಕ್ರಮವಾಗಿ ತಣ್ಣಗಾಯಿತು.

ಸುಮಾರು ಅದೇ ಹೊತ್ತಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕಲ್ಯಾಣ ಮಂಟಪಗಳ ಸಮೀಕ್ಷೆ ಮಾಡಿದರು. 75 ಮಂಟಪ ನೋಡಿ, ಊರಿನ 531 ಮಂಟಪಗಳಿಗೆ ಲೆಕ್ಕ ಹಿಗ್ಗಿಸಿ, ವರ್ಷಕ್ಕೆ 943 ಟನ್ ಊಟ ಪೋಲು ಅಂದರು. ಪತ್ರಿಕೆಗಳು ಆ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ನಾನೂ ಎಷ್ಟೋ ಭಾಷಣದಲ್ಲಿ ಹೇಳಿದೆ. ಒಂದು ದಿನ ಕೂತು ಭಾಗಿಸಿದೆ. ಒಂದು ಮಂಟಪಕ್ಕೆ ವರ್ಷಕ್ಕೆ 1,776 ಕೆ.ಜಿ. ದಿನಕ್ಕೆ ಐದು ಕೆ.ಜಿಯೂ ಇಲ್ಲ. ನನಗೆ ಗೊತ್ತಿರುವ ಅಡುಗೆ ಭಟ್ಟರಿಗೆ ತೋರಿಸಿದೆ. ಜೋರಾಗಿ ನಕ್ಕರು. "ನಮ್ಮ ಕೊಪ್ಪರಿಗೆ ತಳದಲ್ಲಿ ಅಂಟಿರೋದೇ ಐದು ಕೆ.ಜಿ. ಇರುತ್ತೆ, ಸಾರ್" ಅಂದರು. ಅವರು ಹೇಳಿದ್ದೇ ನಿಜ ಅಂತ ನಾನು ಹೇಳುತ್ತಿಲ್ಲ. ಆದರೆ ದೊಡ್ಡ ಅಂಕಿ ಕೇಳಿದ ತಕ್ಷಣ ಬೆಚ್ಚಿ ಬೀಳುವ ಬದಲು ಒಂದು ಸಲ ಭಾಗಾಕಾರ ಮಾಡಿ ನೋಡಿ.

ಆ ಭಟ್ಟರೇ ಇನ್ನೊಂದು ಮಾತು ಹೇಳಿದರು. "ಕಡಿಮೆ ಬಿದ್ದರೆ ನನ್ನ ಹೆಸರು ಹಾಳು, ಮಿಕ್ಕಿದರೆ ನಿಮ್ಮ ದುಡ್ಡು ಹಾಳು. ಯಾವುದು ಆಗಲಿ ಅಂತ ಮನೆಯವರನ್ನು ಕೇಳ್ತೀನಿ. ದುಡ್ಡೇ ಹಾಳಾಗಲಿ ಅಂತಾರೆ, ಎಲ್ಲರೂ." ನೋಡಿ, ಅನ್ನ ಮಿಕ್ಕುವುದು ಅನ್ನದ ಮೇಲೆ ಗೌರವ ಇಲ್ಲದ್ದಕ್ಕೆ ಅಂತ ಬ್ಯಾನರ್ ಬರೆಯುವವರು ತಿಳಿದಿರುತ್ತೇವೆ. ಮದುವೆ ಮನೆಯ ಉಗ್ರಾಣದಲ್ಲಿ ಒಂದು ರಾತ್ರಿ ಕಳೆದರೆ ಬೇರೆಯೇ ಕಾಣುತ್ತೆ. ಅಲ್ಲಿ ಇರುವುದು ಹೆದರಿಕೆ. ಕೊನೆ ಪಂಕ್ತಿಗೆ ಸಾರು ನೀರಾದರೆ, ಬೀಗರ ಕಡೆ ಹತ್ತು ಜನಕ್ಕೆ ಹೋಳಿಗೆ ಸಿಗದೆ ಹೋದರೆ, ಅದನ್ನು ಇಪ್ಪತ್ತು ವರ್ಷ ಆಡಿಕೊಳ್ಳುತ್ತಾರೆ. ಮೂರು ಕೊಪ್ಪರಿಗೆ ಅನ್ನ ಗುಂಡಿಗೆ ಸುರಿದರೆ ಯಾರೂ ಆಡಿಕೊಳ್ಳುವುದಿಲ್ಲ.

ಇದು ಸರ್ಕಾರಕ್ಕೆ ಗೊತ್ತಾಗದೆ ಇರುವುದರಿಂದಲೇ ಅದರ ಒಳ್ಳೆ ಮಾತೂ ಉಲ್ಟಾ ಹೊಡೆಯುತ್ತೆ. 2017ರ ಮಾರ್ಚ್‌ನಲ್ಲಿ ಪ್ರಧಾನಿ ಮೋದಿ ತಮ್ಮ ರೇಡಿಯೊ ಮಾತಿನಲ್ಲಿ ಊಟ ಪೋಲು ಮಾಡಬೇಡಿ ಅಂದರು. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡ ಹಾಗಿಲ್ಲ. ಎರಡೇ ವಾರದಲ್ಲಿ ಮಂತ್ರಿ ರಾಮ್ ವಿಲಾಸ್ ಪಾಸ್ವಾನ್ ಒಂದು ಹೆಜ್ಜೆ ಮುಂದೆ ಹೋದರು. ಎರಡು ಸೀಗಡಿ ತಿನ್ನುವವನಿಗೆ ಆರು ಯಾಕೆ ಬಡಿಸಬೇಕು, ಎರಡು ಇಡ್ಲಿ ತಿನ್ನುವವನಿಗೆ ನಾಲ್ಕು ಯಾಕೆ ಅಂತ ಕೇಳಿದರು. ದೊಡ್ಡ ಹೋಟೆಲುಗಳಲ್ಲಿ ತಟ್ಟೆಯ ಅಳತೆ ಗೊತ್ತು ಮಾಡುವ ಯೋಚನೆ. ದೇಶವೇ ಗೊಳ್ಳೆಂದಿತು. ನಾನೆಷ್ಟು ಇಡ್ಲಿ ತಿನ್ನಬೇಕು ಅಂತ ದೆಹಲಿಯವರು ಹೇಳೋದಾ? ಕೊನೆಗೆ ಸರ್ಕಾರ ಏನೂ ಗೊತ್ತು ಮಾಡುವುದಿಲ್ಲ, ಹೋಟೆಲಿನವರೇ ತಾವಾಗಿ ತಿಳಿಸಲಿ ಅಂತ ಸಮಾಧಾನ ಹೇಳಬೇಕಾಯಿತು.

ನಮ್ಮ ದರ್ಶಿನಿಯಲ್ಲಿ ನಿಂತು ಈ ಸುದ್ದಿ ಓದಿದವನಿಗೆ ನಗು ಬರದೆ ಇರುತ್ತಾ? ಸಿಂಗಲ್ ಇಡ್ಲಿ ವಡೆ ಯಾವ ಮಂತ್ರಿ ಹೇಳಿ ಬಂತು? ಬೈ ಟೂ ಕಾಫಿ ಯಾವ ಕಾಯ್ದೆ? ಕಾಫಿ ಬಿಡಿ, ನಾವು ಸೂಪನ್ನೂ ಬೈ ಟೂ ಮಾಡುತ್ತೇವೆ. ಅರ್ಧ ಖಾರಾಬಾತು ಅರ್ಧ ಕೇಸರಿಬಾತು ಸೇರಿಸಿ ಚೌಚೌ ಬಾತು ಅಂತ ಹೆಸರಿಟ್ಟು ಮಾರುತ್ತೇವೆ. ಹಸಿವಿಗೆ ತಕ್ಕ ತಟ್ಟೆಯನ್ನು ಗಿರಾಕಿಯೂ ಮಾಲೀಕನೂ ಸೇರಿ ಕಂಡುಕೊಂಡಿದ್ದಾರೆ. ಬೈ ಟೂ ಕೇಳಲು ನಮ್ಮಲ್ಲಿ ಯಾರಿಗೂ ನಾಚಿಕೆ ಇಲ್ಲ, ಅದಕ್ಕೇ ಅದು ನಡೆಯುತ್ತೆ. ಅದೇ ಮನುಷ್ಯ ಮಗಳ ಮದುವೆಯಲ್ಲಿ ಅರ್ಧ ಹೋಳಿಗೆ ಬಡಿಸಿ ಅನ್ನಲಾರ.

ಚೀನಾದಲ್ಲೂ ಸ್ವಲ್ಪ ಹೀಗೇ ಆಯಿತು. 2020ರಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಊಟ ಪೋಲು ನಿಲ್ಲಿಸಿ ಅಂದದ್ದೇ ತಡ, ಛಾಂಗ್‌ಶಾ ನಗರದ ಒಂದು ಹೋಟೆಲು ಬಾಗಿಲಲ್ಲಿ ತಕ್ಕಡಿ ಇಟ್ಟುಬಿಟ್ಟಿತು. ಗಿರಾಕಿಯ ಮೈ ತೂಕ ನೋಡಿ ಇಷ್ಟು ತಿನ್ನಿ ಅಂತ ಹೇಳಲಿಕ್ಕೆ! ಜನ ಉಗಿದರು, ಹೋಟೆಲು ಕ್ಷಮೆ ಕೇಳಿತು. ಮರುವರ್ಷ ಅಲ್ಲಿ ಕಾನೂನೇ ಬಂತು. ಬಹಳ ಬಿಟ್ಟು ಎದ್ದವರಿಂದ ಹೋಟೆಲಿನವರು ದುಡ್ಡು ಕೇಳಬಹುದು. ಅಷ್ಟು ಬಿಗಿ ಇರುವ ದೇಶದಲ್ಲೂ ತಕ್ಕಡಿ ಮಾತ್ರ ನಡೆಯಲಿಲ್ಲ.

ಹಾಗಾದರೆ ಮಿತಿ ಅಂದರೆ ಜನರಿಗೆ ಆಗುವುದೇ ಇಲ್ಲವೇ? ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಕಾಶ್ಮೀರದ ಸುದ್ದಿ ಓದಿದ ಮೇಲೆ ಸ್ವಲ್ಪ ಬದಲಾಯಿಸಿಕೊಂಡೆ. ಅಲ್ಲಿನ ಮದುವೆ ಊಟಕ್ಕೆ ವಾಜ್ವಾನ್ ಅನ್ನುತ್ತಾರೆ. ಒಂದು ದೊಡ್ಡ ತಾಮ್ರದ ತಟ್ಟೆ, ನಾಲ್ಕು ಜನ ಸುತ್ತ ಕೂತು ಉಣ್ಣುತ್ತಾರೆ, ಮಾಂಸದ ಬಗೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. 2017ರ ಏಪ್ರಿಲ್ 1ರಿಂದ ಅಲ್ಲಿನ ಸರ್ಕಾರ ಮಿತಿ ಹಾಕಿತು. ಮಗಳ ಮದುವೆಗೆ 500 ಜನ, ಮಗನ ಮದುವೆಗೆ 400, ನಿಶ್ಚಿತಾರ್ಥದಂಥ ಸಣ್ಣ ಕಾರ್ಯಕ್ಕೆ 100. ಅಡುಗೆ ಏಳು ಬಗೆ ಮೀರಬಾರದು. ಆಮಂತ್ರಣದ ಜೊತೆ ಒಣಹಣ್ಣು ಕೊಡಬಾರದು.

ಹೆಣ್ಣು ಹೆತ್ತವರ ಜಾಗದಲ್ಲಿ ನಿಂತು ಇದನ್ನು ಯೋಚಿಸಿ. "ಸರ್ಕಾರದ ಆದೇಶ ಇದೆ, ನಾವೇನು ಮಾಡೋದು" ಅಂತ ಬೀಗರಿಗೆ ಹೇಳಲು ಒಂದು ನೆಪ ಸಿಕ್ಕಿತು. ಕಡಿಮೆ ಮಾಡಿದ್ದು ನಾನಲ್ಲ, ಮಂತ್ರಿ. ಮರ್ಯಾದೆ ಉಳಿಯಿತು, ದುಡ್ಡೂ ಉಳಿಯಿತು.

ಇದನ್ನೇ ನಾವೂ 2020ರಲ್ಲಿ ನೋಡಿದೆವು. ಕೊರೊನಾ ಬಂತು, ಮದುವೆಗೆ 50 ಜನ ಅಂತ ಆದೇಶವಾಯಿತು. ನಮ್ಮ ಸಂಬಂಧಿಕರಲ್ಲೇ ಮೂರು ಮದುವೆ ಅಂಗಳದಲ್ಲಿ ಮುಗಿದವು. ಎದುರಿಗೆ "ಅಯ್ಯೋ, ಯಾರನ್ನೂ ಕರೆಯೋಕಾಗಲಿಲ್ಲ" ಅಂದವರು ಒಳಗೆ ಬಂದು "ನಾಲ್ಕು ಲಕ್ಷ ಸಾಲ ತಪ್ಪಿತು ಕಣಣ್ಣ" ಅಂದರು. ಸರಿ, ಇನ್ನು ಮೇಲೆ ಜನ ಬದಲಾದರು ಅಂದುಕೊಂಡೆ. ಮಿತಿ ತೆಗೆದ ಮೊದಲ ಲಗ್ನಸರಾಯಿಯಲ್ಲೇ ಮತ್ತೆ ಸಾವಿರದಿನ್ನೂರು ಎಲೆ. ಹಿಂದಿನ ಎರಡು ವರ್ಷದ್ದೂ ಸೇರಿಸಿ ಬೀಗರೂಟ!

ಆದ್ದರಿಂದ ನನಗೆ ಅನ್ನಿಸುವುದು ಇಷ್ಟು. ಜಿಪುಣ ಅನ್ನಿಸಿಕೊಳ್ಳುವಂತೆ ಮಾಡುವ ನಿಯಮವನ್ನು ಜನ ಒಪ್ಪುವುದಿಲ್ಲ. ಜಿಪುಣ ಅನ್ನಿಸಿಕೊಳ್ಳದೆ ಕಡಿಮೆ ಮಾಡಲು ದಾರಿ ಕೊಟ್ಟರೆ, ಬೈಯುತ್ತಲೇ ಒಪ್ಪುತ್ತಾರೆ.

ಇನ್ನು ಮಿಕ್ಕಿದ್ದು. ಇದು ಎಲ್ಲರಿಗೂ ಸುಲಭ. ಮುಟ್ಟದ ಊಟ, ಹಸಿದವರಿಗೆ ಹೋಗಲಿ. ಇದಕ್ಕೆ ಬೇಡ ಅನ್ನುವವರು ಸಿಗುವುದಿಲ್ಲ. ಫ್ರಾನ್ಸಿನಲ್ಲಿ 2016ರಲ್ಲಿ ಒಂದು ಕಾನೂನು ಬಂತು. 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ತಿನ್ನಲು ಯೋಗ್ಯವಾದದ್ದನ್ನು ಬಿಸಾಡುವ ಹಾಗಿಲ್ಲ, ದಾನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಅದಕ್ಕೆ ಮುಂಚೆ ಕೆಲವು ಅಂಗಡಿಯವರು ಯಾರೂ ಎತ್ತಿಕೊಂಡು ತಿನ್ನದಿರಲಿ ಅಂತ ಕಸದ ತೊಟ್ಟಿಗೆ ಬ್ಲೀಚಿಂಗ್ ನೀರು ಸುರಿಯುತ್ತಿದ್ದರಂತೆ. ಇದು ಜನರ ಹೊಟ್ಟೆ ಉರಿಸಿತು. ಕೂರ್ಬೆವಾ ಊರಿನ ಕೌನ್ಸಿಲರ್ ಅರಶ್ ದೆರಾಂಬಾರ್ಶ್ ಎತ್ತಿದ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಗಮನಿಸಿ, ಆ ಕಾನೂನು ಯಾರ ತಟ್ಟೆಯನ್ನೂ ಮುಟ್ಟಲಿಲ್ಲ. ಅಂಗಡಿಯ ಹಿಂಬಾಗಿಲಲ್ಲಿ ಹೋಗಿ ನಿಂತಿತು.

ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಮಿಕ್ಕಿದ ಊಟ ಹಂಚುವ ಬಗ್ಗೆ ನಿಯಮ ಮಾಡಿತು. ಬೇರೆ ಇಡಬೇಕು, ಲೆಕ್ಕ ಬರೆದಿಡಬೇಕು, ಕೆಟ್ಟದ್ದು ಹೋಗಬಾರದು. ಸರಿಯಾಗಿಯೇ ಇದೆ. ಆದರೂ ಮದುವೆ ಮನೆಯವರು ಹಿಂಜರಿಯುತ್ತಾರೆ. ನಾಳೆ ಯಾರಿಗಾದರೂ ವಾಂತಿಯಾದರೆ? ಪೊಲೀಸರು ಬಂದರೆ? ಅಮೆರಿಕದಲ್ಲಿ ಒಳ್ಳೆ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಹಾಕಲು ಬಾರದ ಹಾಗೆ 1996ರಲ್ಲೇ ಕಾನೂನು ಮಾಡಿದ್ದಾರೆ. ಆ ಧೈರ್ಯ ನಮ್ಮ ಜನಕ್ಕೂ ಬೇಕು.

ಮಿಕ್ಕಿದ್ದು ಯಾವಾಗ ತಂಗಳಾಗುತ್ತೆ? ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು, ಸ್ವಲ್ಪ ನಾಚಿಕೆಯದು. ಕೆಲಸದಲ್ಲಿದ್ದಾಗ ಒಂದು ಆರತಕ್ಷತೆಗೆ ಹೋಗಿದ್ದೆ. ಮಳೆ ಬಂದು ಅರ್ಧ ಜನ ಬರಲಿಲ್ಲ. ಬೇಕಾದಷ್ಟು ಮಿಕ್ಕಿತು. ಇಲಾಖೆಯವನು ಅನ್ನುವ ಹುಮ್ಮಸ್ಸಿನಲ್ಲಿ ನಾನೇ ಒಂದು ಗಾಡಿ ಮಾಡಿ ಮಕ್ಕಳ ಹಾಸ್ಟೆಲ್ ಒಂದಕ್ಕೆ ತೆಗೆದುಕೊಂಡು ಹೋದೆ. ಬಾಗಿಲು ಬಡಿದಾಗ ರಾತ್ರಿ ಹನ್ನೊಂದೂವರೆ. ವಾರ್ಡನ್ ಕಣ್ಣುಜ್ಜಿಕೊಂಡು ಬಂದರು. ಪಾತ್ರೆಗಳನ್ನು ನೋಡಿದರು. "ಸಾರ್, ಮಕ್ಕಳು ಉಂಡು ಮಲಗಿ ಎರಡು ಗಂಟೆ ಆಯ್ತು. ಎಬ್ಬಿಸಿ ಹೋಳಿಗೆ ತಿನ್ನಿಸಲಾ?" ಬೆಳಿಗ್ಗೆ ಕೊಡಿ ಅಂದೆ. "ಬೆಳಿಗ್ಗೆ ಹಳಸಿರುತ್ತೆ. ಹೋದ ತಿಂಗಳು ಒಬ್ಬರು ಹೀಗೇ ಕೊಟ್ಟ ಪಲ್ಯ ತಿಂದು ಆರು ಮಕ್ಕಳಿಗೆ ಹೊಟ್ಟೆ ಕೆಟ್ಟಿತು." ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದರು. "ನಿಮಗೆ ಮಿಕ್ಕಾಗ ಮಾತ್ರ ನಮ್ಮ ನೆನಪು ಬರುತ್ತೆ, ಸಾರ್."

ಊಟ ಪೋಲಾಗುವ ಬಗ್ಗೆ ಅಭಿಪ್ರಾಯ ಕೇಳುವವರು ಯಾರನ್ನು ಕೇಳುತ್ತಾರೆ ನೋಡಿ. ಮದುವೆ ಮಾಡುವವರನ್ನು, ಹೋಟೆಲಿನವರನ್ನು, ನಮ್ಮಂಥ ನಿವೃತ್ತರನ್ನು. ತೆಗೆದುಕೊಳ್ಳುವವರನ್ನು ಕೇಳಿದ್ದು ನಾನು ಕಂಡಿದ್ದು ಬಹಳ ಕಡಿಮೆ. ಅವರಿಗೆ ಬೇಕಾದದ್ದು ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಅನ್ನ ಸಾರು. ನಮ್ಮ ಹತ್ತಿರ ಇರುವುದು ರಾತ್ರಿ ಹನ್ನೊಂದಕ್ಕೆ ಆರಿದ ಜಾಮೂನು. ಮೂರನೇ ಪಂಕ್ತಿ ಎದ್ದಾಗಲೇ ಉಗ್ರಾಣಕ್ಕೆ ಒಂದು ಸಲ ಕಣ್ಣು ಹಾಯಿಸಿ ಫೋನ್ ಮಾಡಿದರೆ ಅದು ಮಿಕ್ಕಿದ್ದು. ಎಲ್ಲ ಮುಗಿಸಿ, ಫೋಟೊ ತೆಗೆಸಿಕೊಂಡು, ಆಮೇಲೆ ನೆನಪಾದರೆ ಅದು ತಂಗಳು.

(ಇಲ್ಲಿ ಒಬ್ಬ ಅಕ್ಕ ಎದ್ದು, ದೇವಸ್ಥಾನದಲ್ಲಿ ಯಾಕೆ ಯಾರೂ ಎಲೆಯಲ್ಲಿ ಬಿಡುವುದಿಲ್ಲ ಅಂತ ಕೇಳಿದರು.) ಒಳ್ಳೆ ಪ್ರಶ್ನೆ. ಧರ್ಮಸ್ಥಳದಲ್ಲೋ ಹೊರನಾಡಿನಲ್ಲೋ ಕೂತರೆ ನಾವೂ ಬಿಡುವುದಿಲ್ಲ, ಪ್ರಸಾದ ಅನ್ನುವ ಭಯ ಭಕ್ತಿ ಒಂದು ಕಡೆ. ಇನ್ನೊಂದು, ಅಲ್ಲಿ ಉಪಚಾರ ಮಾಡುವವರಿಲ್ಲ. "ನನಗೋಸ್ಕರ ಇನ್ನೊಂದೇ ಒಂದು" ಅಂತ ಕೈ ಅಡ್ಡ ಹಿಡಿದರೂ ಎಲೆಗೆ ಇಳಿಸುವ ಸೋದರಮಾವ ಇಲ್ಲ. ಮದುವೆ ಎಲೆ ಮೇಲೆ ಬಿದ್ದಿರುವ ಎಂಜಲಿನಲ್ಲಿ ಅರ್ಧ ಆ ಸೋದರಮಾವನದು.

ಎಂಜಲಿಗೇ ಬಂದೆವು. ಇದರ ಬಗ್ಗೆ ಜನಕ್ಕೆ ಅಭಿಪ್ರಾಯವೇ ಇಲ್ಲ, ಕಣ್ಣಿಂದ ಮರೆಯಾದರೆ ಸಾಕು. ಮರೆಯಾದದ್ದು ಎಲ್ಲಿಗೆ ಹೋಗುತ್ತೆ ಅನ್ನುವುದು ಬೆಂಗಳೂರಿನವರಿಗೆ ತಿಳಿದದ್ದು ನಗರದ ಹೊರಗಿನ ಮಂಡೂರು ಹಳ್ಳಿಯವರು ರಸ್ತೆಗೆ ಇಳಿದಾಗ. ಊರ ಕಸವೆಲ್ಲ ಅಲ್ಲಿ ಬೆಟ್ಟವಾಗಿತ್ತು. ನಾತ, ನೊಣ, ಬಾವಿಯ ನೀರು ಕುಡಿಯಲಾಗದ ಸ್ಥಿತಿ. 2014ರಲ್ಲಿ ಲಾರಿಗಳನ್ನು ತಡೆದು ಕೂತರು. ಆ ವರ್ಷದ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಒಣ ಕಸ ನಾರುವುದಿಲ್ಲ. ನಾರುವುದು ನಮ್ಮ ಅನ್ನ ಸಾರು. ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ಎಷ್ಟು ಹೇಳಿದರೂ ಕೇಳದಿದ್ದ ಮನೆಗಳು ಬೀದಿಯಲ್ಲಿ ಕಸ ಕೊಳೆಯತೊಡಗಿದ ಮೇಲೆ ಎರಡು ಬಕೆಟ್ ಇಟ್ಟವು. ಹಸಿದವರ ಫೋಟೊ ಮಾಡದ ಕೆಲಸವನ್ನು ನಾತ ಮಾಡಿತು.

ದಕ್ಷಿಣ ಕೊರಿಯಾದಲ್ಲೂ ಹೆಚ್ಚು ಕಡಿಮೆ ಇದೇ ಹಾದಿ. ಅವರದ್ದೂ ನಮ್ಮ ಹಾಗೇ ಹತ್ತಾರು ಸಣ್ಣ ಬಟ್ಟಲಲ್ಲಿ ಪಲ್ಯ ಉಪ್ಪಿನಕಾಯಿ ಹರಡುವ ಊಟ, ಬಟ್ಟಲು ತುಂಬಿದ್ದರೇ ಅತಿಥಿಗೆ ಮರ್ಯಾದೆ. ಕಸದ ಗುಂಡಿಗಳು ತುಂಬಿದವು, ಸುತ್ತಲಿನವರು ದಂಗೆ ಎದ್ದರು. 2005ರಲ್ಲಿ ಊಟದ ಕಸವನ್ನು ನೇರ ಗುಂಡಿಗೆ ಹಾಕುವುದನ್ನು ನಿಲ್ಲಿಸಿದರು. 2013ರಿಂದ ಇಡೀ ದೇಶದಲ್ಲಿ ಎಷ್ಟು ಎಸೆಯುತ್ತೀರೋ ಅಷ್ಟು ದುಡ್ಡು. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಯಂತ್ರದ ಡಬ್ಬ ಇರುತ್ತೆ. ಕಾರ್ಡ್ ತೋರಿಸಿದರೆ ಬಾಯಿ ತೆರೆಯುತ್ತೆ, ತೂಕ ನೋಡುತ್ತೆ, ತಿಂಗಳ ಬಿಲ್ಲಿಗೆ ಸೇರಿಸುತ್ತೆ. ನೀರಿಗೂ ತೂಕ ಇದೆಯಲ್ಲ, ಅದಕ್ಕೆ ಅಲ್ಲಿನ ಗೃಹಿಣಿಯರು ಕಸವನ್ನು ಹಿಂಡಿ ಹಾಕುತ್ತಾರಂತೆ. 1995ರಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಗೊಬ್ಬರ, ಮೇವು ಆಗುತ್ತಿತ್ತು. ಈಗ 95ಕ್ಕೂ ಹೆಚ್ಚು ಪಾಲು. ಇಲ್ಲೂ ಸರ್ಕಾರ ನೀನು ಎಷ್ಟು ತಿನ್ನುತ್ತೀಯ ಅಂತ ಕೇಳಲಿಲ್ಲ. ಡಬ್ಬದ ಹತ್ತಿರ ನಿಂತು ಎಷ್ಟು ಬಿಟ್ಟೆ ಅಂತ ಕೇಳಿತು. ಅದೂ ಎಲ್ಲರೆದುರು ಅಲ್ಲ, ಬಿಲ್ಲಿನಲ್ಲಿ.

ನಮ್ಮ ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಬಂತು. ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ಯಾವ ಲೆಕ್ಕದಲ್ಲಿ? ಮನೆಯ ಅಳತೆಯ ಮೇಲೆ. ದೊಡ್ಡ ಮನೆಯಲ್ಲಿ ಒಂಟಿಯಾಗಿ ಗಂಜಿ ಕುಡಿದುಕೊಂಡಿರುವ ಅಜ್ಜಿಗೆ ಜಾಸ್ತಿ, ಸಣ್ಣ ಮನೆಯಲ್ಲಿ ದಿನಾ ಅರ್ಧ ಬಕೆಟ್ ಚೆಲ್ಲುವವರಿಗೆ ಕಡಿಮೆ. ಜನ ಗೊಣಗಿದರು. ಗೊಣಗಿದ್ದು ಹೊಸ ತೆರಿಗೆ ಬಂತು ಅಂತ. ಕಡಿಮೆ ಚೆಲ್ಲಿದರೆ ಕಡಿಮೆ ಕಟ್ಟಬಹುದು ಅನ್ನುವ ದಾರಿಯೇ ಅದರಲ್ಲಿ ಇಲ್ಲವಲ್ಲ. ತೂಕ ಹಾಕುವುದು ಸುಲಭದ ಕೆಲಸವಲ್ಲ, ಒಪ್ಪುತ್ತೇನೆ. ತೂಕದ ಗಲಾಟೆಯಲ್ಲೇ ತಲೆ ಹಣ್ಣಾದವನು ನಾನು.

ಒಂದು ನಿಯಮ ಕೇಳುತ್ತೇನೆ, ಗೊತ್ತಿದ್ದವರು ಕೈ ಎತ್ತಿ. ಘನತ್ಯಾಜ್ಯ ನಿಯಮಗಳ ಪ್ರಕಾರ, ಪರವಾನಗಿ ಇಲ್ಲದ ಜಾಗದಲ್ಲಿ ನೂರು ಜನಕ್ಕಿಂತ ಹೆಚ್ಚು ಸೇರಿಸಿ ಕಾರ್ಯಕ್ರಮ ಮಾಡಿದರೆ ಮೂರು ಕೆಲಸದ ದಿನ ಮುಂಚೆ ಪಂಚಾಯಿತಿಗೋ ಪುರಸಭೆಗೋ ತಿಳಿಸಬೇಕು. ಕಸ ಬೇರೆ ಮಾಡಿಸಬೇಕು. ಒಂದೂ ಕೈ ಇಲ್ಲ. ಮನೆ ಮುಂದೆ ಚಪ್ಪರ ಹಾಕಿ ನಾಮಕರಣ ಮಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ! ನಿಯಮಕ್ಕೆ ವಿರೋಧವೂ ಇಲ್ಲ, ಬೆಂಬಲವೂ ಇಲ್ಲ, ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿಲ್ಲ. ನಮ್ಮ ಎಷ್ಟೋ ಕಾರ್ಯಕ್ರಮಗಳ ಬಗ್ಗೆ ಜನಾಭಿಪ್ರಾಯ ಅಂದರೆ ಇದೇ.

ಮದುವೆ ಮದುವೆ ಅಂತ ಇಷ್ಟು ಹೊತ್ತು ಬೈದೆ. ಈಗ ನನ್ನ ಮನೆಗೂ ಬರಬೇಕು. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ, 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಚೆಲ್ಲಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆ.ಜಿ. ಸಿಪ್ಪೆ ಸೊಪ್ಪಿನ ದಂಟೂ ಅದರಲ್ಲಿ ಸೇರಿದೆ. ಈ ಸಲ ನಾನು ಭಾಗಿಸಿ ನೋಡಿದೆ, ದಿನಕ್ಕೆ 150 ಗ್ರಾಂ. ಅಷ್ಟು ನಮ್ಮ ಮನೆಯಲ್ಲೂ ಹೋಗುತ್ತೆ. ಹಿಂದೆ ಬೀದಿ ಬೀದಿಗೆ ಕಲಗಚ್ಚಿನ ಹಸು ಇರುತ್ತಿತ್ತು, ಲೆಕ್ಕ ಗೊತ್ತಾಗುತ್ತಿರಲಿಲ್ಲ. ಈಗ ಹಸು ಇಲ್ಲ, ಫ್ರಿಜ್ ಇದೆ. ಫ್ರಿಜ್ಜಿನ ಒಳಗೆ ಎಲ್ಲವೂ ಮೂರು ದಿನ ಮಿಕ್ಕಿದ್ದಾಗಿಯೇ ಇರುತ್ತೆ, ನಾಲ್ಕನೇ ದಿನ ಸೀದಾ ಕಸ.

(ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಡುಗೆ ಕಂಟ್ರಾಕ್ಟರು ಎದ್ದರು. "ಸಾರ್, ಕಾನೂನು ಏನೇ ಬರಲಿ. ಕರೆದವರಲ್ಲಿ ಬರೋರೆಷ್ಟು ಅಂತ ನಮಗೆ ಮುಂಚೆ ಹೇಳೋ ಹಾಗೆ ಏನಾದರೂ ಬರುತ್ತಾ?" ಸಭೆ ನಕ್ಕಿತು. ನಾನು ಉತ್ತರ ಹೇಳಲಿಲ್ಲ. ನಮ್ಮ ಕಡೆ ಬರುತ್ತೀರಾ ಅಂತ ಕೇಳುವುದೇ ತಪ್ಪು, ಬರುವುದಿಲ್ಲ ಅಂತ ಹೇಳುವುದು ಅದಕ್ಕಿಂತ ದೊಡ್ಡ ತಪ್ಪು. ಅವರು ಕೇಳಿದ್ದೇ ಅವತ್ತಿನ ಸಭೆಯ ದೊಡ್ಡ ಪ್ರಶ್ನೆ.

ಇನ್ನೊಂದು ಬರೆಯದೆ ಇರಲಾರೆ. ಸಭೆಗೆ ಮುಂಚೆ ಸಂಘದ ಮೇಡಂ ನನಗೆ ಫೋನ್ ಮಾಡಿ, ಉಪ್ಪಿಟ್ಟು ಎಷ್ಟು ಜನಕ್ಕೆ ಮಾಡಿಸಲಿ ಅಂತ ಕೇಳಿದ್ದರು. ವಿಷಯವೇ ಇದು, ಜಾಸ್ತಿ ಬೇಡ, 60 ಸಾಕು ಅಂದಿದ್ದೆ. ಅವತ್ತು 74 ಜನ ಬಂದಿದ್ದರು. ಉಪ್ಪಿಟ್ಟು ಖಾಲಿಯಾದಾಗ ಆಯಮ್ಮನ ಮುಖ ನೋಡಬೇಕಿತ್ತು. ಊಟ ಪೋಲಾಗಲಿಲ್ಲವಲ್ಲ, ಮೇಡಂ ಅಂದೆ. ಕೇಳಿಸಿಕೊಳ್ಳಲೇ ಇಲ್ಲ. ಒಬ್ಬ ಹುಡುಗನ ಕೈಗೆ ದುಡ್ಡು ತುರುಕಿ ಬೇಕರಿಗೆ ಓಡಿಸಿದರು. ಬೇಕಾಗಿದ್ದದ್ದು ಹದಿನಾಲ್ಕು. ಅವನು ಮೂವತ್ತು ಬನ್ ತಂದ.)